ಹಾಡುವವರ ಬಾಯಿ ಕಾಣಲಿ

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಸಿನಿಮಾಕ್ಕಂತೂ ಬಿಡುಗಡೆಯಾದ ದಿನ ಮಧ್ಯಾಹ್ನವೇ ಬರೆದು ಮುಗಿಸುತ್ತಾರೆ. ಹೊರನಾಡಿನಲ್ಲಿರುವ ನಮ್ಮಂಥವರು ದಿನಕ್ಕೆ ನಾಲ್ಕು ಸಲ ನೋಡಿ ಹತ್ತು ಜನರಿಗೆ ಕಳಿಸುವ ಹಾಡಿನ ವಿಡಿಯೋಗಳ ಬಗ್ಗೆ ಮಾತ್ರ ಯಾರೂ ಕೂತು ಎರಡು ಮಾತು ಬರೆದದ್ದನ್ನು ನಾನು ಕಂಡಿಲ್ಲ. ‘ಸೂಪರ್’ ಅಂತ ಒಂದು ಶಬ್ದ, ಇಲ್ಲವೇ ಕೈ ಮುಗಿಯುವ ಒಂದು ಚಿತ್ರ, ಅಲ್ಲಿಗೆ ವಿಮರ್ಶೆ ಮುಗಿಯಿತು. ನಾನು ಸಾಹಿತ್ಯ ಓದಿದವನಲ್ಲ, ಸಂಗೀತ ಕಲಿತವನೂ ಅಲ್ಲ. ಎಂ.ಕಾಂ. ಮಾಡಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಲೆಕ್ಕ ತಾಳೆ ನೋಡಿ ನಿವೃತ್ತನಾದವನು. ಆದರೂ ಕಳೆದ ಎರಡು ವರ್ಷಗಳಲ್ಲಿ ಈ ವಿಡಿಯೋಗಳನ್ನು ಒಂದೊಂದಾಗಿ, ನಿಲ್ಲಿಸಿ ನಿಲ್ಲಿಸಿ ನೋಡಬೇಕಾದ ಪ್ರಸಂಗ ನನಗೆ ಬಂತು. ಯಾಕೆ ಬಂತು ಅನ್ನೋದನ್ನು ಮುಂದೆ ಹೇಳುತ್ತೇನೆ. ಹಾಗೆ ನೋಡಿದ ಮೇಲೆ ಇವುಗಳಲ್ಲಿ ಗಟ್ಟಿ ಯಾವುದು, ಬರೇ ಗದ್ದಲ ಯಾವುದು ಎಂಬ ಬಗ್ಗೆ ಕೆಲವು ಅಭಿಪ್ರಾಯಗಳು ಬೇರೂರಿವೆ. ಅವನ್ನು ಊರಿನಲ್ಲಿರುವ ನಿಮ್ಮ ಮುಂದೆ ಇಡಲು ಕಾರಣವಿದೆ. ಈ ವಿಡಿಯೋಗಳನ್ನು ಮಾಡುವವರು ಹೆಚ್ಚಿನ ಮಟ್ಟಿಗೆ ನೀವು, ಕಾದು ಕೂತು ನೋಡುವವರು ನಾವು.

ನಾನಿರುವುದು ಘಾಟ್ಕೋಪರಿನ ಪೂರ್ವದಲ್ಲಿ, ಪಂತ್‌ನಗರದ ಕಡೆ. 1984ರಲ್ಲಿ ಕುಂದಾಪುರದಿಂದ ಬಂದವನು ಇಲ್ಲೇ ಉಳಿದೆ. ಘಾಟ್ಕೋಪರ್ ಅಂದರೆ ಗುಜರಾತಿಗಳ ಊರು ಅಂತಲೇ ಮುಂಬಯಿಯಲ್ಲಿ ಹೆಸರು. ನವರಾತ್ರಿಯ ಒಂಬತ್ತು ದಿನ ಗರ್ಬಾದ ಹಾಡು ಬಿಟ್ಟರೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಉಳಿದ ದಿನ ಮರಾಠಿ, ಹಿಂದಿ. ಇದರ ನಡುವೆ ನಮ್ಮದು ಏಳು ಜನ ಕನ್ನಡದವರ ಒಂದು ಗುಂಪು. ಉಡುಪಿ ಕಡೆಯ ಇಬ್ಬರು ಹೋಟೆಲಿನವರು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೈಸೂರಿನ ಟೀಚರು, ರೈಲ್ವೆಯಲ್ಲಿದ್ದ ಹಾವೇರಿ ಜಿಲ್ಲೆಯ ಒಬ್ಬರು, ನನ್ನ ಹಾಗೆ ಬ್ಯಾಂಕಿನಲ್ಲಿದ್ದ ಇನ್ನಿಬ್ಬರು, ಮತ್ತೆ ನಾನು. ಮೊದಲು ಭಾನುವಾರ ಬೆಳಗ್ಗೆ ಚಹಾಕ್ಕೆ ಸೇರುತ್ತಿದ್ದೆವು. ಈಗ ಮೊಣಕಾಲು ನೋವು, ಮೊಮ್ಮಕ್ಕಳ ಕ್ಲಾಸು, ಒಬ್ಬರು ಮಗನ ಜೊತೆ ಠಾಣೆಗೆ ಹೋದದ್ದು, ಹೀಗೆ ಎಲ್ಲ ಸೇರಿ ಆ ಭಾನುವಾರ ಮೊಬೈಲಿನೊಳಗೆ ಹೊಕ್ಕು ಕೂತಿದೆ.

ಹಾಡು ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ನಾನು ಬಂದ ಕಾಲಕ್ಕೆ ಅದು ಕ್ಯಾಸೆಟ್ಟಿನ ಮೂಲಕ ನಡೆಯುತ್ತಿತ್ತು. ಊರಿಗೆ ಹೋದವರು ಮರಳುವಾಗ ಹಪ್ಪಳ, ಉಪ್ಪಿನಕಾಯಿಯ ಜೊತೆ ಎರಡು ಭಾವಗೀತೆ, ಒಂದು ಯಕ್ಷಗಾನ, ಒಂದು ರಾಜ್‌ಕುಮಾರ್ ಭಕ್ತಿಗೀತೆ ತರಬೇಕು ಎಂಬುದು ಅಲಿಖಿತ ಕಾನೂನು. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದದ್ದು. ಆರು ವರ್ಷ ಕಳೆದು ನಾನು ಬಂದಾಗಲೂ ಅದು ಇಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಸರಿ ಮಾಡುತ್ತಿದ್ದೆವು. ಆ ಕ್ಯಾಸೆಟ್ಟುಗಳ ಒಂದು ಗುಣ ಈಗ ನೆನಪಾಗುತ್ತದೆ. ಡಬ್ಬಿಯೊಳಗಿನ ಕಾಗದದಲ್ಲಿ, ಕನ್ನಡಕ ಹಾಕಿಯೇ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಕವಿ ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಎಲ್ಲ ಅಚ್ಚಾಗಿರುತ್ತಿತ್ತು. ಕ್ಯಾಸೆಟ್ ಎರವಲು ಕೊಡುವಾಗ ಹೆಸರುಗಳೂ ಅದರ ಜೊತೆ ಹೋಗುತ್ತಿದ್ದವು.

2005ರಲ್ಲಿ ಯೂಟ್ಯೂಬ್ ಶುರುವಾಯಿತು. ಆದರೆ ನಮ್ಮ ವಯಸ್ಸಿನವರ ಕೈಗೆ ಅದು ನಿಜವಾಗಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ. ಅಲ್ಲಿಯವರೆಗೆ ವಾರಕ್ಕೊಂದು ಹಾಡು ಕೇಳಿಸಿಕೊಂಡು ಅದನ್ನೇ ಮೆಲುಕು ಹಾಕುತ್ತಿದ್ದವರು, ಬೆಳಗ್ಗೆ ಎದ್ದು ನೋಡಿದರೆ ಹನ್ನೆರಡು ವಿಡಿಯೋ ಬಂದು ಬಿದ್ದಿರುತ್ತಿದ್ದವು. ಕಳಿಸಿದವರೇ ಪೂರ್ತಿ ನೋಡಿರುತ್ತಿರಲಿಲ್ಲ. ಹೋಟೆಲಿನ ಗೆಳೆಯರೊಬ್ಬರು ಒಮ್ಮೆ ಹೇಳಿದರು, “ಮಾರಾಯ್ರೆ, ಇದು ಬಡಿಸುವುದಲ್ಲ, ಎಲೆಯ ಮೇಲೆ ಸುರಿಯುವುದು.” ನಾಲ್ವತ್ತು ವರ್ಷ ಬಡಿಸಿದವರ ಮಾತು, ನಂಬಬೇಕು.

ಈಗ ಆ ಪ್ರಸಂಗ. ಎರಡು ವರ್ಷದ ಹಿಂದೆ ನಮ್ಮ ಹಾವೇರಿಯ ಗೆಳೆಯರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅದರ ಜೊತೆಗೆ ಮಾತೂ ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತದೆ, ಮುಖ ನೋಡಿದರೆ ಗೊತ್ತಾಗುತ್ತದೆ, ಆದರೆ ಉತ್ತರಕ್ಕೆ ಬಾಯಿ ತೆರೆದರೆ ಒಂದೇ ಅಕ್ಷರ ನಾಲ್ಕು ಸಲ ಬಂದು ನಿಲ್ಲುತ್ತದೆ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರು ಅವರೇ. ಮಾತು ಕಲಿಸುವ ಚಿಕಿತ್ಸೆಗೆ ಒಬ್ಬ ಹುಡುಗಿ ವಾರಕ್ಕೆರಡು ಸಲ ಮನೆಗೆ ಬರತೊಡಗಿದಳು. ಬಹಳ ಒಳ್ಳೆಯ ಹುಡುಗಿ, ತಾಳ್ಮೆಯವಳು. ಮರಾಠಿ, ಹಿಂದಿ, ಗುಜರಾತಿ ಮೂರೂ ಬರುತ್ತದೆ, ಕನ್ನಡ ಬರುವುದಿಲ್ಲ. ನಮ್ಮವರಿಗೆ ರೈಲ್ವೆಯಲ್ಲಿ ಮೂವತ್ತು ವರ್ಷ ಆಡಿದ ಮರಾಠಿ ಒಂದು ಶಬ್ದವೂ ಮರಳಲಿಲ್ಲ. ಅಲ್ಲೊಂದು ಇಲ್ಲೊಂದು ತುಣುಕು ಬಂದದ್ದು ಕನ್ನಡವೇ, ಅದೂ ಊರಿನ ಕನ್ನಡ. ಊರು ಬಿಟ್ಟು ಬದುಕುವುದರ ಇಂಥದೊಂದು ಕಷ್ಟ ಇದೆ ಅಂತ ನಾವ್ಯಾರೂ ಎಣಿಸಿರಲಿಲ್ಲ. ಸಾಲ, ಮನೆ, ಮಕ್ಕಳ ಮದುವೆ ಎಲ್ಲದಕ್ಕೂ ಯೋಜನೆ ಹಾಕಿದ್ದೆವು, ಕಾಯಿಲೆ ಬಿದ್ದಾಗ ಯಾವ ಭಾಷೆಯಲ್ಲಿ ನರಳಬೇಕು ಎಂಬುದಕ್ಕೆ ಹಾಕಿರಲಿಲ್ಲ.

ಆ ಹುಡುಗಿಯೇ ಒಂದು ದಾರಿ ಹೇಳಿದಳು. ಮಾತಿನ ಕೇಂದ್ರ ಸಾಮಾನ್ಯವಾಗಿ ಮೆದುಳಿನ ಎಡಭಾಗದಲ್ಲಿರುತ್ತದೆ. ಅಲ್ಲಿ ಪೆಟ್ಟಾದರೆ ಮಾತು ಹೋಗುತ್ತದೆ, ಆದರೆ ಧಾಟಿಗೆ ಬಲಭಾಗದ ಆಸರೆಯೂ ಇರುವುದರಿಂದ ಎಷ್ಟೋ ಜನರಿಗೆ ಗೊತ್ತಿದ್ದ ಹಾಡನ್ನು ಶಬ್ದ ಸಹಿತ ಹಾಡಲು ಆಗುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ 1973ರಲ್ಲಿಯೇ ಇದನ್ನೊಂದು ಚಿಕಿತ್ಸೆಯಾಗಿ ರೂಪಿಸಿದ್ದಾರೆ. ರಾಗವಾಗಿ ಹೇಳಿಸುತ್ತ ಎಡಗೈಯಿಂದ ತಾಳ ತಟ್ಟಿಸುತ್ತಾರೆ. “ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ಹಾಡು ಹಾಕಿ, ಹಾಡುವವರ ಬಾಯಿ ಅವರಿಗೆ ಕಾಣಬೇಕು, ನಿಧಾನ ಇರಬೇಕು” ಅಂದಳು. ಹಾಡಿದ ಮಾತೆಲ್ಲ ಆಡುವ ಮಾತಾಗಿಬಿಡುತ್ತದೆ ಎಂದು ಅವಳು ಭರವಸೆ ಕೊಡಲಿಲ್ಲ. ಹಾಡು ಹುಡುಕುವ ಕೆಲಸ ಮಾತ್ರ ನಮ್ಮ ಪಾಲಿಗೆ ಬಂತು. ಶಿಗ್ಗಾವಿ ತಾಲೂಕಿನ ಶಿಶುನಾಳ ಅವರ ಊರಿನಿಂದ ದೂರವಿಲ್ಲ. ಹಾಗಾಗಿ ಯಾವ ಹಾಡು ಎಂಬ ಪ್ರಶ್ನೆಯೇ ಇರಲಿಲ್ಲ. ಶರೀಫಜ್ಜನ ಪದಗಳು.

ಹುಡುಕಿದರೆ ನೂರಾರು ವಿಡಿಯೋ ಸಿಕ್ಕಿದವು. ಅವನ್ನು ಮೂರು ನಾಲ್ಕು ಜಾತಿಯಾಗಿ ವಿಂಗಡಿಸಬಹುದು. ಮೊದಲನೆಯದು, ಸಂಖ್ಯೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನದು, ನಾನು ‘ಕ್ಯಾಲೆಂಡರ್ ವಿಡಿಯೋ’ ಅಂತ ಕರೆಯುವಂಥದ್ದು. ಹಳೆಯ ಕ್ಯಾಸೆಟ್ಟಿನ ಧ್ವನಿಗೆ ಜೋಗದ ಚಿತ್ರ, ಹಂಪಿಯ ಕಲ್ಲಿನ ರಥ, ಸೂರ್ಯಾಸ್ತ, ಹಾರುವ ಬೆಳ್ಳಕ್ಕಿ, ನಡುವೆ ಒಂದು ಗುಲಾಬಿ. ಹಾಡು ಯಾವುದೇ ಇರಲಿ, ಚಿತ್ರಗಳು ಇವೇ. ನೋಡಿದ ಕೂಡಲೇ ನಮ್ಮಂಥವರ ಕಣ್ಣು ಒದ್ದೆಯಾಗುತ್ತದೆ ಎಂಬುದೂ ನಿಜ, ಅದಕ್ಕೇ ಇವು ಇಷ್ಟು ಓಡಾಡುತ್ತವೆ. ಆದರೆ ಹತ್ತು ನೋಡಿದ ಮೇಲೆ ನನಗೆ ಕಿರಿಕಿರಿ ಆಗತೊಡಗಿತು. ನಾನು ಬಿಟ್ಟುಬಂದ ಊರಿನಲ್ಲಿ ಜನ ಇದ್ದರು, ಮೀನಿನ ವಾಸನೆ ಇತ್ತು, ಕೋರ್ಟು ಕಟ್ಲೆ ಇತ್ತು. ಈ ವಿಡಿಯೋಗಳ ಕರ್ನಾಟಕದಲ್ಲಿ ಮನುಷ್ಯರೇ ಇಲ್ಲ. ಇಂಥದ್ದನ್ನೇ ದಿನವೂ ನೋಡುತ್ತಿದ್ದರೆ ಊರು ನಮಗೆ ಪ್ರವಾಸೋದ್ಯಮದ ಜಾಹೀರಾತಾಗಿ ಉಳಿಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗಂತೂ ಕನ್ನಡ ಅಂದರೆ ಒಂದು ಜಲಪಾತ.

ಹಾಡಿನ ಅರ್ಥಕ್ಕೂ ಇವು ತೊಂದರೆ ಮಾಡುತ್ತವೆ. ಶರೀಫರ ಸೋರುವ ಮಾಳಿಗೆಯ ಪದ ನಿಮಗೆಲ್ಲ ಗೊತ್ತು. ನಾನು ನೋಡಿದ ಒಂದು ವಿಡಿಯೋದಲ್ಲಿ ಈ ಪದಕ್ಕೆ ಹಂಚಿನ ಮಾಡು, ಧಾರಾಕಾರ ಮಳೆ, ಬಕೆಟ್ಟಿಗೆ ಹನಿ ಬೀಳುವ ದೃಶ್ಯ ಜೋಡಿಸಿದ್ದಾರೆ. ಶರೀಫರು ಹೇಳುತ್ತಿರುವ ಮನೆ ಈ ದೇಹ, ನೋಡಿಕೊಳ್ಳುವವರಿಲ್ಲದೆ ಸೋರುತ್ತಿರುವುದು ಒಳಗಿನ ಅರಿವು ಎಂಬುದನ್ನು ಬಿಡಿ. ಬರೇ ಮಾಡು ಅಂತಲೇ ಇಟ್ಟುಕೊಳ್ಳಿ. ಚಿತ್ರ ಇಲ್ಲದೆ ಕೇಳಿದರೆ ಪ್ರತಿಯೊಬ್ಬನಿಗೂ ಅವನವನ ಮಾಡು ಕಾಣುತ್ತದೆ. ಘಾಟ್ಕೋಪರಿನ ಪಶ್ಚಿಮಕ್ಕೆ ಹೋಗಿ ಅಸಲ್ಫಾದ ಗುಡ್ಡದ ಕಡೆ ನೋಡಿ, ಜೂನ್ ಬಂತೆಂದರೆ ತಗಡಿನ ಮನೆಗಳ ಮೇಲೆ ನೀಲಿ ಟಾರ್ಪಾಲು ಹಾಕಿ ಕಲ್ಲು ಹೇರಿ ಇಟ್ಟಿರುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅವತ್ತು ಮುಂಬಯಿಯಲ್ಲಿದ್ದವನಿಗೆ ಆ ಪದ ಕೇಳಿದರೆ ಏನು ನೆನಪಾಗುತ್ತದೆ ಅಂತ ಬೇರೆ ಯಾರೂ ಚಿತ್ರ ಹಾಕಿ ತೋರಿಸಬೇಕಿಲ್ಲ. ವಿಡಿಯೋದವರು ತಮ್ಮ ಒಂದು ಮಾಡನ್ನು ತಂದಿಟ್ಟು ನಮ್ಮ ನೂರು ಮಾಡುಗಳನ್ನು ಕಿತ್ತುಹಾಕುತ್ತಾರೆ. ಇನ್ನು ನಮ್ಮ ಗೆಳೆಯರ ಪಾಲಿಗೆ ಈ ಜಾತಿ ಪೂರ್ತಿ ನಿರುಪಯೋಗಿ. ಅವರು ಪರದೆಯಲ್ಲಿ ಬಾಯಿ ಹುಡುಕುತ್ತಿದ್ದರು, ಅಲ್ಲಿ ಬಕೆಟ್ಟು ಕಾಣುತ್ತಿತ್ತು.

ಎರಡನೆಯದು ಸಿನಿಮಾದ ತುಣುಕು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ, ಸಂಗೀತ ಸಿ. ಅಶ್ವತ್ಥ್ ಅವರದ್ದು. ಇದರ ತುಣುಕುಗಳನ್ನು ಈಗ ನೋಡಿದರೂ ಗೌರವ ಬರುತ್ತದೆ. ಪದಗಳನ್ನು ಅಲಂಕಾರಕ್ಕೆ ತುರುಕಿಲ್ಲ, ಕತೆಯೇ ಪದದ ಮೂಲಕ ನಡೆಯುತ್ತದೆ. ಶ್ರೀಧರ್ ನೃತ್ಯ ಕಲಿತವರು, ಹಾಗಾಗಿ ಬೇರೆಯವರ ದನಿಗೆ ತುಟಿ ಕೂಡಿಸುವುದರಲ್ಲೂ ಶಿಸ್ತಿದೆ. ಆದರೆ ತುಟಿ ಕೂಡಿಸುವುದೇ ಬೇರೆ, ಹಾಡುವುದೇ ಬೇರೆ. ಹಾಡುವವನ ಕುತ್ತಿಗೆಯ ನರ ಉಬ್ಬುತ್ತದೆ, ಉಸಿರು ಎಳೆದುಕೊಳ್ಳುವಾಗ ಹೆಗಲು ಏಳುತ್ತದೆ. ನಟನಲ್ಲಿ ಅದು ಇರುವುದಿಲ್ಲ. ಮಾತು ಕಳಕೊಂಡವನು ಅನುಕರಿಸಬೇಕಾದದ್ದು ಆ ಉಸಿರನ್ನು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ನಮ್ಮವರು ಯಾವ ವಿಡಿಯೋಕ್ಕೆ ಬಾಯಿ ತೆರೆಯುತ್ತಾರೆ, ಯಾವುದಕ್ಕೆ ಸುಮ್ಮನಿರುತ್ತಾರೆ ಎಂದು ಪಕ್ಕದಲ್ಲಿ ಕೂತು ಕಂಡದ್ದು.

ಸಿನಿಮಾದ ತುಣುಕಿಗೆ ಸಂಬಂಧಿಸಿ ಇನ್ನೊಂದು ಮಾತು. 2006ರ ಕೊನೆಗೆ ‘ಮುಂಗಾರು ಮಳೆ’ ಬಂದಾಗ ಅದರ ಪ್ರೇಮಗೀತೆಯನ್ನು ಮುಂಬಯಿಯ ಕನ್ನಡಿಗರು ಹುಚ್ಚು ಹಿಡಿದವರಂತೆ ಕೇಳಿದರು. ಈಗಲೂ ನಮ್ಮಲ್ಲಿ ಅದು ‘ಸೋನು ನಿಗಮ್ ಹಾಡು’ ಎಂಬ ಹೆಸರಿನಲ್ಲೇ ಬರುತ್ತದೆ. ಸೋನು ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಬರೆದವರು ಜಯಂತ ಕಾಯ್ಕಿಣಿ, ಗೋಕರ್ಣದಿಂದ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ಮುಂಬಯಿಯಲ್ಲಿ ಔಷಧ ಕಂಪೆನಿಯ ಕೆಲಸ ಮಾಡಿ, ಈ ಊರಿನ ಕತೆಗಳನ್ನು ಬರೆದವರು. ರಾಗ ಹಾಕಿದ ಮನೋಮೂರ್ತಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದವರು. ಊರು ಬಿಟ್ಟು ಬದುಕಿದ ಇಬ್ಬರು ಸೇರಿ ಮಾಡಿದ ಹಾಡು ಕನ್ನಡ ಸಿನಿಮಾ ಹಾಡಿನ ಧಾಟಿಯನ್ನೇ ಬದಲಾಯಿಸಿತು. ಹೊರನಾಡಿನವರು ಹೆಮ್ಮೆಪಡಬೇಕಾದ ಈ ಸಂಗತಿ ಹೊರನಾಡಿನವರ ಮೊಬೈಲಿನಲ್ಲೇ ಕಾಣುವುದಿಲ್ಲ, ಯಾಕೆಂದರೆ ಹಾಡಿನ ಜೊತೆ ಹೆಸರು ಬರುವುದಿಲ್ಲ. ಈ ವಿಷಯದಲ್ಲಿ ನನಗೆ ಆದರ್ಶ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಅವರು ಹಾಡಿನ ಬಗ್ಗೆ ಮಾತಾಡುವಾಗ ಬರೆದವರು, ರಾಗ ಹಾಕಿದವರು ಎಲ್ಲರನ್ನೂ ನೆನೆಯುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಆ ತುಣುಕುಗಳು ಮತ್ತೆ ಎಲ್ಲ ಕಡೆ ಓಡಾಡಿದವು. ಆಗ ಅಷ್ಟು ದೊಡ್ಡ ಗಾಯಕ ಬೇರೆಯವರ ಹೆಸರು ಹೇಳುವುದಕ್ಕೆ ಎಷ್ಟು ಸಮಯ ಕೊಡುತ್ತಿದ್ದರು ಎಂದು ಕಂಡು ನಮ್ಮ ಟೀಚರಮ್ಮ, “ನೋಡಿ ಸಾರ್, ಇದು ಸಂಸ್ಕಾರ” ಅಂದರು.

ಮೂರನೆಯದು ವೇದಿಕೆಯ ವಿಡಿಯೋ. ಇದರಲ್ಲಿ ಅಶ್ವತ್ಥ್ ಅವರಿಗೆ ಸಮ ಇಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದ ತುಣುಕುಗಳನ್ನು ನೋಡಿ. ಹಿಂದೆ ದೊಡ್ಡ ವೃಂದ, ಮುಂದೆ ಸಮುದ್ರದಂತೆ ಜನ. ಆ ಮನುಷ್ಯ ಇಡೀ ಮುಖದಿಂದ ಹಾಡುತ್ತಾರೆ. ಸಾಲು ಮುಗಿಯುವಲ್ಲಿ ಕೈ ಮೇಲೆತ್ತಿ ಜನರಿಗೆ ಬಿಟ್ಟುಕೊಡುತ್ತಾರೆ, ಜನ ಹೇಳಿ ಮುಗಿಸುವ ತನಕ ಕಾಯುತ್ತಾರೆ. ಅಕ್ಷರ ಅಕ್ಷರವೂ ಬಿಡಿಸಿ ಕೇಳುತ್ತದೆ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟಿದ ದಿನವೇ ಅವರು ತೀರಿಕೊಂಡರು. ಈ ವಿಡಿಯೋ ಇರದಿದ್ದರೆ ಅವರ ದನಿ ಉಳಿಯುತ್ತಿತ್ತು, ಆ ಕಾಯುವಿಕೆ ಉಳಿಯುತ್ತಿರಲಿಲ್ಲ. ಕೊರತೆ ಎಂದರೆ, ಇಂಥ ಕಾರ್ಯಕ್ರಮಗಳನ್ನು ಚಿತ್ರಿಸುವವರಿಗೆ ಗಾಯಕನ ಮುಖದ ಮೇಲೆ ನಂಬಿಕೆ ಕಡಿಮೆ. ಒಂದು ಸಾಲು ಮುಗಿಯುವುದರೊಳಗೆ ಕ್ಯಾಮೆರಾ ಮುಂದಿನ ಸಾಲಿನ ಗಣ್ಯರ ಕಡೆ ತಿರುಗುತ್ತದೆ. ಬಾಯಿ ನೋಡಿ ಶಬ್ದ ಹಿಡಿಯಲು ಹೊರಟವನು ಅಲ್ಲಿಗೆ ಮುಗ್ಗರಿಸುತ್ತಾನೆ.

ನಾಲ್ಕನೆಯದು ಹೊಸ ಹುಡುಗರದ್ದು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ಈ ಮುಂಬಯಿಯ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ. ಅದರಲ್ಲಿ ಶರೀಫರ ಗುಡುಗುಡಿಯ ಪದವೂ ಇದೆ, ಮಾಳಿಗೆಯ ಪದವೂ ಇದೆ, ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುವವನ ಒಂದು ಇಂಗ್ಲಿಷ್ ಹಾಡೂ ಇದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅವರ ಹೆಸರು ಹೊರದೇಶಕ್ಕೂ ಹಬ್ಬಿತು. ಕಾಲಿಗೆ ಗೆಜ್ಜೆ, ಮೈಮೇಲೆ ಲುಂಗಿ, ಕೈಯಲ್ಲಿ ಗಿಟಾರು. ಕಾಯಿಲೆ ಬೀಳುವ ಮೊದಲು ನಮ್ಮ ಹಾವೇರಿಯವರು ಇದನ್ನು ಕಂಡರೆ ಉರಿದುಬೀಳುತ್ತಿದ್ದರು. “ಶರೀಫಜ್ಜನ ಕೈಯಾಗ ಗಿಟಾರ ಕೊಟ್ಟು ಕುಣಸಾಕತ್ತಾರ ನೋಡ್ರಿ” ಅನ್ನುತ್ತಿದ್ದರು. ಅವರ ತಕರಾರಿನಲ್ಲಿ ಹುರುಳಿದೆ. ತತ್ವಪದಕ್ಕೆ ಒಂದು ನಡಿಗೆ ಇದೆ, ಹೇಳಿ ನಿಲ್ಲಬೇಕು, ನಿಂತಾಗ ಕೇಳುವವನಿಗೆ ಅರ್ಥ ಇಳಿಯಬೇಕು. ರಘು ಅವರ ಗುಡುಗುಡಿಯಲ್ಲಿ ನಿಲ್ಲುವ ಜಾಗವನ್ನೆಲ್ಲ ವಾದ್ಯ ತುಂಬಿಬಿಡುತ್ತದೆ. ಶಬ್ದದ ಕೊನೆ ತಾಳದೊಳಗೆ ಮುಳುಗುತ್ತದೆ. ಕೇಳುವವನು ಕುಣಿಯುತ್ತಾನೆ, ದೇಹವೇ ಹುಕ್ಕಾ ಎಂಬ ಮಾತು ಅವನಿಗೆ ತಲಪಿತೋ ಇಲ್ಲವೋ ಸಂಶಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಅದೇ ಗೆಳೆಯರ ಮೊಮ್ಮಗ, ಘಾಟ್ಕೋಪರಿನಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದುವವನು, ಕನ್ನಡ ಅಕ್ಷರ ಬಾರದವನು, ಈ ವಿಡಿಯೋ ನೋಡಿಯೇ ನನ್ನನ್ನು ಕೇಳಿದ: “ಅಜ್ಜ, ಗುಡುಗುಡಿ ಅಂದ್ರೆ ಏನು?” ಹುಕ್ಕಾ ಅಂದೆ. “ಹಾಗಾದರೆ ದೇವರ ಹಾಡಿನಲ್ಲಿ ಹುಕ್ಕಾ ಯಾಕೆ?” ಎಂದ. ಅರ್ಧ ಗಂಟೆ ಶರೀಫರ ಬಗ್ಗೆ, ಗೋವಿಂದ ಭಟ್ಟರ ಬಗ್ಗೆ, ಮುಸಲ್ಮಾನನೊಬ್ಬ ಬ್ರಾಹ್ಮಣ ಗುರುವಿನ ಶಿಷ್ಯನಾದ ಬಗ್ಗೆ ಮಾತಾಡಿದೆವು. ಜೋಗದ ಚಿತ್ರ ನೋಡಿ ಅವನು ಒಂದು ದಿನವೂ ಏನನ್ನೂ ಕೇಳಿರಲಿಲ್ಲ. 1889ರಲ್ಲಿ ತೀರಿಹೋದ ಕವಿಯ ಒಂದು ಶಬ್ದವನ್ನು ಗರ್ಬಾದ ಗದ್ದಲದ ನಡುವೆ ಬೆಳೆದ ಹುಡುಗನ ಬಾಯಿಗೆ ಹಾಕಿದ್ದು ಆ ಗಿಟಾರು. ಅದಕ್ಕೇ ರಘು ದೀಕ್ಷಿತರ ಹಾಡನ್ನು ನಾನು ಬಾಗಿಲು ಎನ್ನುತ್ತೇನೆ. ಒಳಗೆ ಬಂದವರು ಅಲ್ಲೇ ನಿಲ್ಲಬಾರದು ಅಷ್ಟೆ. ಗೆಳೆಯರಿಗೆ ಈಗ ಅದರ ವೇಗದ ಜೊತೆ ಶಬ್ದ ಹೇಳಲು ಆಗುವುದಿಲ್ಲ. ಆದರೆ ಮೊಮ್ಮಗ ಹಾಕಿದರೆ ಎಡಗೈಯಿಂದ ಮಂಚದ ಪಟ್ಟಿಗೆ ತಟ್ಟುತ್ತಾರೆ. ಹಿಂದೆ ಬಯ್ದದ್ದನ್ನು ನಾವು ನೆನಪಿಸಿದರೆ ನಗುತ್ತಾರೆ.

ನಡುವೆ ಪಕ್ಕದ ಮನೆಯ ಮರಾಠಿ ಕಾಕಾ ಕೂಡ ಈ ಹುಡುಕಾಟದಲ್ಲಿ ಸೇರಿಕೊಂಡರು. ಅವರು ತಂದದ್ದು ಭೀಮಸೇನ ಜೋಶಿಯವರ ಅಭಂಗ. ಭೀಮಸೇನರು ನಮ್ಮ ಗದಗಿನವರು ಅಂತ ನಾವು, ಬದುಕಿದ್ದು ಪುಣೆಯಲ್ಲಿ ಅಂತ ಅವರು. ಕೊನೆಗೆ ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನು ಎಂದು ಒಂದು ಅಭಂಗದಲ್ಲಿ ಕರೆದಿದ್ದಾರೆ ಎಂದು ಕಾಕಾ ತಾವೇ ಹೇಳಿ ಜಗಳ ಮುಗಿಸಿದರು. ಭೀಮಸೇನರ ವಿಡಿಯೋ ನೋಡುವಾಗ ಹಾಡು ಕೇಳುವುದರಷ್ಟೇ ಅವರ ಕೈ, ಹುಬ್ಬು, ಬಾಯಿ ನೋಡುವುದೂ ಮುಖ್ಯವೆನಿಸುತ್ತದೆ. ಆ ದನಿ ಎಲ್ಲಿಂದ ಏಳುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಗೆಳೆಯರಿಗೆ ಆ ತಾನಗಳ ಜೊತೆ ಹೋಗಲಾಗದು, ಆದರೆ ಪೂರ್ತಿ ಮುಗಿಯುವ ತನಕ ಕಣ್ಣು ಕೀಳದೆ ನೋಡಿದರು.

ಕೊನೆಗೆ ಕೆಲಸಕ್ಕೆ ಬಂದ ವಿಡಿಯೋ ಯಾವುದು ಗೊತ್ತೇ? ಯಾವುದೋ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ರಾತ್ರಿ ನಡೆದ ಭಜನೆ. ಯಾರೋ ಮೊಬೈಲನ್ನು ಎಲ್ಲೋ ಒರಗಿಸಿ ಇಟ್ಟು ಹೋಗಿದ್ದಾರೆ, ಹನ್ನೊಂದು ನಿಮಿಷ ಅದು ಅಲುಗಾಡದೆ ನೋಡಿದೆ. ಒಂದು ಟ್ಯೂಬ್‌ಲೈಟು, ಏಳೆಂಟು ಜನ, ಒಂದು ಏಕತಾರಿ, ದಮ್ಮಡಿ, ಹಾರ್ಮೋನಿಯಂ, ತಾಳ. ನಡುವೆ ಒಬ್ಬರು ಕೆಮ್ಮುತ್ತಾರೆ, ಒಂದು ನಾಯಿ ಹಾದುಹೋಗುತ್ತದೆ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರೆಲ್ಲ ಅದನ್ನೇ ತಿರುಗಿ ಹೇಳುತ್ತಾರೆ, ಮತ್ತೊಮ್ಮೆ ಹೇಳುತ್ತಾರೆ. ಈ ತಿರುಗಿ ಹೇಳುವುದೇ ನಮ್ಮವರಿಗೆ ಬೇಕಾಗಿದ್ದದ್ದು. ಮೊದಲ ಸಲ ಕೇಳಿ, ಎರಡನೆಯ ಸಲ ಬಾಯಿ ನೋಡಿ, ಮೂರನೆಯ ಸಲಕ್ಕೆ ಅವರ ತುಟಿ ಕದಲಿತು. ಮಾಳಿಗೆಯ ಪದದ ಪಲ್ಲವಿ ಪೂರ್ತಿ, ತೊದಲದೆ ಬಂತು. ಅವರ ಹೆಂಡತಿ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದು, “ಅಣ್ಣಾರ, ಇವ್ರು ಹಾಡಾಕತ್ತಾರ್ರೀ!” ಅಂದರು. ಆರು ತಿಂಗಳಿನಿಂದ ಆ ಮನೆಯಲ್ಲಿ ಅವರ ದನಿಯಲ್ಲಿ ಒಂದು ವಾಕ್ಯ ಕೇಳಿರಲಿಲ್ಲ.

ಇದನ್ನು ಪವಾಡ ಅಂತ ಬರೆಯುವುದು ನನ್ನ ಉದ್ದೇಶವಲ್ಲ. ಇವತ್ತಿಗೂ ಅವರಿಗೆ ನೀರು ಬೇಕಾದರೆ ಲೋಟ ತೋರಿಸಬೇಕು. ಆಡುವ ಮಾತು ಐದೋ ಆರೋ ಬಂದಿವೆ. ಹಾಡು ಮಾತ್ರ ಹದಿನಾಲ್ಕು ಬರುತ್ತವೆ, ನಾವು ಎಣಿಸಿದ್ದೇವೆ. ಭಾನುವಾರ ಬೆಳಗ್ಗೆ ಈಗ ನಾವು ಮತ್ತೆ ಸೇರುತ್ತೇವೆ, ಅವರ ಮನೆಯಲ್ಲಿ. ಒಂದು ದಿನಕ್ಕೆ ಒಂದೇ ವಿಡಿಯೋ, ಪೂರ್ತಿ ನೋಡಬೇಕು, ಜೊತೆಯಲ್ಲಿ ಹಾಡಬೇಕು ಎಂಬ ಕಟ್ಟಳೆ ಮಾಡಿಕೊಂಡಿದ್ದೇವೆ. ನನ್ನ ದನಿ ಕೇಳಿದರೆ ಕಾಗೆಗಳೂ ಹಾರಿಹೋಗುತ್ತವೆ, ಆದರೂ ಹಾಡುತ್ತೇನೆ. ಮುಂಬಯಿಯ ಲೋಕಲ್ ರೈಲುಗಳಲ್ಲಿ ಭಜನಾ ಮಂಡಳಿಗಳು ಇದ್ದವು, ಕೆಲವು ಈಗಲೂ ಇವೆ. ನಿಂತಲ್ಲೇ ತಾಳ ಹಿಡಿದು, ಡಬ್ಬಿಯ ಗೋಡೆಗೆ ಬಡಿದು, ಕಲ್ಯಾಣದಿಂದ ದಾದರ್ ತನಕ ಹಾಡುತ್ತ ಹೋಗುವವರು. ಅಲ್ಲಿ ಹಾಡು ಹಂಚಿಕೊಳ್ಳಲು ಬಾಯಿ ತೆರೆಯಲೇ ಬೇಕಿತ್ತು. ಈಗ ಅದೇ ಡಬ್ಬಿಯಲ್ಲಿ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹಾಡು. ಅದರಲ್ಲಿ ತಪ್ಪೇನಿಲ್ಲ, ಆದರೆ ಬೆರಳು ಒತ್ತಿ ಮುಂದಕ್ಕೆ ದಾಟಿಸಿದ ಮಾತ್ರಕ್ಕೆ ಗೆಳೆಯನಿಗೆ ಹಾಡು ಮುಟ್ಟಿತು ಎಂದು ತಿಳಿಯುವುದು ಬೇಡ. ಕಳಿಸುವ ಮೊದಲು ಇದು ಯಾರಿಗೆ, ಯಾಕೆ ಎಂದು ಒಂದು ಕ್ಷಣ ಯೋಚಿಸಿದರೆ ಹನ್ನೆರ‍ಡರಲ್ಲಿ ಹನ್ನೊಂದು ತಾನೇ ಬಿದ್ದುಹೋಗುತ್ತವೆ. ಉಳಿದ ಒಂದನ್ನು ಆ ಗೆಳೆಯ ಖಂಡಿತ ನೋಡುತ್ತಾನೆ.

ಆ ಭಜನೆಯ ವಿಡಿಯೋದಲ್ಲಿ ನನಗಿರುವ ಒಂದೇ ಆಕ್ಷೇಪವನ್ನು ಹೇಳಿ ಮುಗಿಸುತ್ತೇನೆ. ಅದರ ಮೇಲೆ ‘ಭಜನಾ ಪದ’ ಎಂದಷ್ಟೇ ಬರೆದಿದೆ. ಊರಿನ ಹೆಸರಿಲ್ಲ, ಮುಂದೆ ಕೂತು ಹೇಳಿದ ಹಿರಿಯರ ಹೆಸರಿಲ್ಲ, ದಮ್ಮಡಿ ಬಾರಿಸಿದವರು ಯಾರೋ. ನೋಡಿದವರ ಸಂಖ್ಯೆ ನಾನೂರು ದಾಟಿರಲಿಲ್ಲ, ಅದರಲ್ಲಿ ನೂರಾದರೂ ನಮ್ಮ ಏಳು ಜನರದ್ದೇ ಇರಬೇಕು. ಬ್ಯಾಂಕಿನಲ್ಲಿ ಯಾರ ಖಾತೆಗೆ ಸೇರಬೇಕು ಅಂತ ಗೊತ್ತಾಗದ ಹಣ ಬಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಇಡುತ್ತೇವೆ, ವಾರಸುದಾರ ಸಿಕ್ಕ ದಿನ ಸೇರಿಸಬಹುದು ಅಂತ. ಆ ಏಳೆಂಟು ಜನರಿಗೆ ಸಲ್ಲಬೇಕಾದ ನಮ್ಮ ಕೃತಜ್ಞತೆ ಅಂಥದೊಂದು ಖಾತೆಯಲ್ಲಿ ಎರಡು ವರ್ಷದಿಂದ ಬಿದ್ದಿದೆ. ಗೆಳೆಯರ ಹೆಂಡತಿ ಊರಿಗೆ ಫೋನು ಮಾಡಿದಾಗಲೆಲ್ಲ ಆ ಗುಡಿಯ ಕಟ್ಟೆ ಯಾವ ಊರಿನದಿರಬಹುದು ಅಂತ ವಿಚಾರಿಸುತ್ತಲೇ ಇದ್ದಾರೆ.

ಆದ್ದರಿಂದ ಊರಿನಲ್ಲಿರುವ ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. ನಿಮ್ಮ ಓಣಿಯಲ್ಲಿ, ಗುಡಿಯಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಹಾಡಿದರೆ ಮೊಬೈಲು ತೆಗೆದು ಚಿತ್ರಿಸಿ. ಮುಖಕ್ಕೆ ಬೆಳಕಿರಲಿ, ಕೈ ಅಲುಗಾಡದಿರಲಿ, ಹಾಡನ್ನು ನಡುವೆ ಕತ್ತರಿಸಬೇಡಿ. ಅದಕ್ಕೆ ಗುಲಾಬಿ, ಜಲಪಾತ ಏನನ್ನೂ ಸೇರಿಸಬೇಡಿ, ನಾಯಿ ಬಂದರೆ ಇರಲಿ. ಪದ ಯಾರದ್ದು, ಹಾಡಿದವರು ಯಾರು, ಊರು ಯಾವುದು, ತಾರೀಕು ಎಷ್ಟು ಎಂದು ಎರಡು ಸಾಲು ಕೆಳಗೆ ಬರೆಯಿರಿ. ಅದನ್ನು ಯಾರು ನೋಡುತ್ತಾರೆ ಅಂತ ಕೇಳಬೇಡಿ. ನೋಡುವವರು ಇದ್ದೇವೆ.